ಸಂಬಳವಾ, ಫೀಸಾ? ಸಹಿ ಹಾಕುವ ಮೊದಲೇ ಕೇಳಿ

ಬಳ್ಳಾರಿಯಲ್ಲಿ ತೆರಿಗೆ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಸರ್ಕಾರಿ ಪ್ರಾಜೆಕ್ಟ್‌ಗಳಲ್ಲಿ ಗುತ್ತಿಗೆ ಮೇಲಿರುವ ಎಂಜಿನಿಯರ್ ಹುಡುಗರು ತುಂಬಾ ಜನ ಬರುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ: "ಸರ್, ನನಗೆ ಬರೋದೇ 28 ಸಾವಿರ, ಅದರಲ್ಲೂ ಹತ್ತು ಪರ್ಸೆಂಟ್ ಯಾಕೆ ಹಿಡೀತಾರೆ?"

ಸಿರುಗುಪ್ಪ ಕಡೆಯ ಹುಡುಗನೊಬ್ಬ ತಂದಿದ್ದ ಕರಾರು ಪತ್ರ ಹೀಗಿತ್ತು. ಅವಧಿ 11 ತಿಂಗಳು. ಬೆಳಿಗ್ಗೆ ಹತ್ತಕ್ಕೆ ಬಂದು ಥಂಬ್ ಕೊಡಬೇಕು. ರಜೆ ಬೇಕಾದರೆ ಸಾಹೇಬರಿಗೆ ಅರ್ಜಿ ಬರೆಯಬೇಕು. ಬೇರೆ ಕಡೆ ಕೆಲಸ ಮಾಡುವ ಹಾಗಿಲ್ಲ. ಇಷ್ಟೆಲ್ಲ ಆದಮೇಲೆ ಕೊನೇ ಪುಟದಲ್ಲಿ "ಇಲ್ಲಿ ನೌಕರ-ಮಾಲೀಕ ಸಂಬಂಧ ಇರುವುದಿಲ್ಲ" ಅಂತ ಒಂದು ಸಾಲು! ಆ ಸಾಲಿನಿಂದಾಗಿ ಅವನು ಸಲಹೆಗಾರನಾಗಿಬಿಟ್ಟ. ಪ್ರತಿ ತಿಂಗಳು ತನ್ನ ಹೆಸರಲ್ಲಿ ಬಿಲ್ ಕೊಡಬೇಕು, ಅದರಲ್ಲಿ ವೃತ್ತಿಪರ ಫೀಸ್ ಅಂತ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಅಂದರೆ ತಿಂಗಳಿಗೆ 2,800, ಹನ್ನೊಂದು ತಿಂಗಳಿಗೆ 30,800 ರೂಪಾಯಿ. ಇದೇ ದುಡ್ಡನ್ನು ಸಂಬಳ ಅಂತ ಕೊಟ್ಟಿದ್ದರೆ ಇಷ್ಟು ಆದಾಯಕ್ಕೆ ಒಂದು ರೂಪಾಯಿಯೂ ಹಿಡಿಯಬೇಕಿರಲಿಲ್ಲ. ಪಿಎಫ್ ಇಲ್ಲ, ಸಂಬಳ ಸಹಿತ ರಜೆ ಇಲ್ಲ. ಎಷ್ಟೋ ಜನ ಆ 10% ಹೋದ ದುಡ್ಡು ಅಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಹೋಗಿಲ್ಲ ಮಾರಾಯ್ರೇ, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ.

ನನ್ನ ಅಕ್ಕನ ಮಗ ಬ್ರಿಟನ್‌ನಲ್ಲಿದ್ದಾನೆ. ಸ್ವಂತ ಕಂಪನಿ ಮಾಡಿಕೊಂಡು ಅಲ್ಲಿನ ಸರ್ಕಾರಿ ಪ್ರಾಜೆಕ್ಟ್‌ಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಅವನ ಮಾತು ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಅಲ್ಲಿ ಐಆರ್35 ಅನ್ನುವ ನಿಯಮ 2000ದಿಂದಲೇ ಇದೆ. ಕಂಪನಿಯ ಹೆಸರಲ್ಲಿ ಬಿಲ್ ಹಾಕಿದರೂ ನಿನ್ನ ಕೆಲಸ ನೌಕರನ ಹಾಗೇ ಇದ್ದರೆ ನೌಕರನಷ್ಟೇ ತೆರಿಗೆ ಕಟ್ಟು ಅನ್ನುವುದು ಅದರ ತಿರುಳು. ಮೊದಲು ಇದನ್ನು ಗುತ್ತಿಗೆಯವರೇ ತೀರ್ಮಾನಿಸಿಕೊಳ್ಳುತ್ತಿದ್ದರು. 2017ರ ಏಪ್ರಿಲ್‌ನಿಂದ ಸರ್ಕಾರಿ ವಲಯದಲ್ಲಿ ಆ ತೀರ್ಮಾನ ಕೆಲಸ ಕೊಡುವ ಇಲಾಖೆಯ ಕೈಗೆ ಹೋಯಿತು, 2021ರಲ್ಲಿ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪನಿಗಳಿಗೂ ಬಂತು. ಕೆಲಸ ಹೇಗೆ ಮಾಡಬೇಕು ಅಂತ ಹೇಳುವವರು ಯಾರು, ತನ್ನ ಬದಲು ಬೇರೆಯವರನ್ನು ಕಳಿಸಬಹುದಾ, ಕೆಲಸ ಕೊಡಲೇಬೇಕು ಮಾಡಲೇಬೇಕು ಅನ್ನುವ ಕಟ್ಟುಪಾಡು ಇದೆಯಾ, ಇವೆಲ್ಲ ನೋಡುತ್ತಾರೆ. ಒಳ್ಳೆಯ ಪ್ರಶ್ನೆಗಳು. ನಮ್ಮ ಸಿರುಗುಪ್ಪದ ಹುಡುಗನಿಗೆ ಇವನ್ನೇ ಕೇಳಿದರೆ ಅವನು ನೌಕರ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಆದರೆ ಅಲ್ಲಿ ಆಗಿದ್ದೇನು? ತಪ್ಪಾದರೆ ಬಾಕಿ ತೆರಿಗೆ ತಮ್ಮ ತಲೆಗೆ ಬರುತ್ತದೆ ಅನ್ನುವ ಭಯಕ್ಕೆ ಕೆಲವು ಇಲಾಖೆಗಳು ಒಬ್ಬೊಬ್ಬರ ಕೆಲಸ ನೋಡದೆ ಎಲ್ಲರನ್ನೂ ಸಾರಾಸಗಟಾಗಿ ನೌಕರರ ಲೆಕ್ಕಕ್ಕೆ ತಳ್ಳಿದವು. ಭಯ ಸುಳ್ಳೂ ಅಲ್ಲ. ತಪ್ಪು ತೀರ್ಮಾನಗಳಿಂದಾಗಿ 2020-21ರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳ ತಲೆ ಮೇಲೆ ಬಂದ ತೆರಿಗೆ 26.3 ಕೋಟಿ ಪೌಂಡ್ ಅಂತ ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯೇ 2022ರಲ್ಲಿ ಹೇಳಿದೆ. ಅಲ್ಲಿ ನೌಕರರ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟಬೇಕಾದ ರಾಷ್ಟ್ರೀಯ ವಿಮೆ 2025ರ ಏಪ್ರಿಲ್‌ನಿಂದ 15% ಆಗಿದೆ. ಅದನ್ನೂ ಲೆಕ್ಕ ಹಾಕಿ ದಿನದ ರೇಟನ್ನೇ ಇಳಿಸುತ್ತಾರಂತೆ.

"ಮಾಮ, ತೆರಿಗೆಗೆ ನಾನು ನೌಕರ, ಹುಷಾರಿಲ್ಲ ಅಂದ್ರೆ ಗುತ್ತಿಗೆದಾರ" ಅಂದ. ನಿಜ, ತೆರಿಗೆಗೆ ನೌಕರ ಅಂತಾದರೂ ಇಲಾಖೆಯಿಂದ ನೌಕರನ ಹಕ್ಕು ಸಿಗುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಅಲ್ಲಿ ತೆರಿಗೆಗೋಸ್ಕರ ನೌಕರ ಅಂತಾರೆ, ಇಲ್ಲಿ ಹಕ್ಕು ತಪ್ಪಿಸೋಕೆ ನೌಕರ ಅಲ್ಲ ಅಂತಾರೆ. ಎರಡೂ ಕಡೆ ಕೆಲಸ ಮಾತ್ರ ಸರ್ಕಾರದ್ದೇ ಅಲ್ವಾ? ಕೆಲಸ ನೋಡಿ ನೌಕರ ಅಂತ ಒಪ್ಪಿಕೊಂಡ ಮೇಲೆ ತೆರಿಗೆ, ಹಕ್ಕು ಎರಡೂ ಜೊತೆಗೇ ಬರಬೇಕು.

ನಮ್ಮಲ್ಲಿ ಖಾಯಂ ಮಾಡಿ ಅಂತ ಕೇಳಿದಾಗಲೆಲ್ಲ ತೋರಿಸುವುದು ಉಮಾದೇವಿ ಪ್ರಕರಣದ 2006ರ ಸುಪ್ರೀಂ ಕೋರ್ಟ್ ತೀರ್ಪನ್ನು. ನಿಯಮದಂತೆ ನೇಮಕ ಆಗದ ತಾತ್ಕಾಲಿಕ ನೌಕರರಿಗೆ ಖಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ ಅನ್ನುತ್ತದೆ ಆ ತೀರ್ಪು. ಅದು ನಮ್ಮ ಕರ್ನಾಟಕದ್ದೇ ಕೇಸು. ಆದರೆ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿ ತೋಟ ನೋಡಿಕೊಂಡವರನ್ನು ಖಾಯಂ ಮಾಡಿ ಅಂತ ಹೇಳಿತು. ಕಾಗದದಲ್ಲಿ ಕೊಟ್ಟ ಹೆಸರಿಗಿಂತ ಮಾಡಿದ ಕೆಲಸವನ್ನು ನೋಡಿತು. ಹಾಗಂತ ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಅದಕ್ಕೇ ನನ್ನ ಹತ್ತಿರ ಬರುವವರಿಗೆ ಹೇಳುವುದಿಷ್ಟು. ಇದು ಸಂಬಳವಾ ಫೀಸಾ ಅಂತ ಸಹಿಗೆ ಮೊದಲೇ ಕೇಳಿ. ಫೀಸ್ ಅಂದರೆ ರೇಟು ಜಾಸ್ತಿ ಕೇಳಿ, ಪಿಎಫ್ ನೀವೇ ಕೂಡಿಡಬೇಕಲ್ಲ. 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆಗೆದು, ಹಿಡಿದ ದುಡ್ಡು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ನೋಡಿ. ಕರಾರು, ಹಾಜರಾತಿ, ರಜೆ ಅರ್ಜಿ, ಆಫೀಸ್ ಆರ್ಡರ್ ಎಲ್ಲದರ ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಿ.