ಜಾಂಬಿಯಾದಲ್ಲಿ ಗುಡುಗು, ಈಜಿಪ್ಟಿನ ಮೇಲೆ ಪಾಸಿಟ್ರಾನ್

ಗುಡುಗಿನ ಮೋಡದಿಂದ ಆ್ಯಂಟಿಮ್ಯಾಟರ್ (ಮಾಮೂಲಿ ಕಣಗಳಂತೆಯೇ ಇದ್ದು ವಿದ್ಯುದಂಶ ಮಾತ್ರ ವಿರುದ್ಧವಾದ ಕಣಗಳು) ಹುಟ್ಟುತ್ತದೆ ಅಂದರೆ ನಮ್ಮ ಮನೆಯಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. ಆಗೆಲ್ಲ ನಾನು ಹೇಳುವುದು 2009ರ ಡಿಸೆಂಬರ್ 14ರ ಕಥೆ.

ಭೂಮಿ ಸುತ್ತುತ್ತಾ ಗಾಮಾ ಕಿರಣ (ಎಕ್ಸ್-ರೇಗಿಂತಲೂ ಶಕ್ತಿಯ ಬೆಳಕು) ಹುಡುಕುವ ನಾಸಾದ ಫರ್ಮಿ ಟೆಲಿಸ್ಕೋಪ್ ಅಂದು ಈಜಿಪ್ಟಿನ ಮೇಲಿತ್ತು. ಗುಡುಗುತ್ತಿದ್ದ ಮೋಡ ಸುಮಾರು 4,500 ಕಿ.ಮೀ. ದೂರದ ಜಾಂಬಿಯಾದಲ್ಲಿ, ದಿಗಂತದ ಆಚೆ. ಅಲ್ಲಿಂದ ಗಾಮಾ ಕಿರಣ ನೇರವಾಗಿ ತಲುಪುವಂತೆಯೇ ಇರಲಿಲ್ಲ. ಆದರೂ ಫರ್ಮಿಗೆ ಸಿಗ್ನಲ್ ಸಿಕ್ಕಿತು. ಹೇಗೆ?

ಮೋಡದ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ದೂಡುತ್ತದೆ. ಅವು ಗಾಳಿಯ ಪರಮಾಣುಗಳ ಬಳಿ ಸಾಗುವಾಗ ದಾರಿ ತಿರುಗಿ ಗಾಮಾ ಕಿರಣ ಹೊರಡುತ್ತದೆ. ಕೆಲವು ಕಿರಣಗಳು ಎಲೆಕ್ಟ್ರಾನ್ ಮತ್ತು ಅದರ ಆ್ಯಂಟಿಮ್ಯಾಟರ್ ರೂಪವಾದ ಪಾಸಿಟ್ರಾನ್ ಜೋಡಿಯಾಗುತ್ತವೆ. ಈ ಕಣಗಳು ಭೂಮಿಯ ಕಾಂತರೇಖೆ ಹಿಡಿದು ಬಂದು ಫರ್ಮಿಗೆ ಬಡಿದವು. ಅಷ್ಟಕ್ಕೇ ಮುಗಿಯಲಿಲ್ಲ! ಮುಂದೆ ಹೋದ ಕೆಲವು ಕಣಗಳು ತಿರುಗಿ, 23 ಮಿಲಿಸೆಕೆಂಡ್ ಬಿಟ್ಟು ಮತ್ತೆ ಬಡಿದವು. ಎರಡೂ ಸಲ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಕಿರಣ ಕಂಡಿತು. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಇಲ್ಲವಾದಾಗ ಬರುವ ಗುರುತು ಅದು. ಈ ಜಾಗ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗುಡುಗು ಮೋಡದಿಂದ ಬರುವ ಇಂಥ ಗಾಮಾ ಮಿನುಗುಗಳನ್ನು ಮೊದಲು ಕಂಡದ್ದು ನಾಸಾದ ಕಾಂಪ್ಟನ್ ವೀಕ್ಷಣಾಲಯ ಎಂಬ ಉಪಗ್ರಹ. ಸುದ್ದಿ ಹೊರಬಂದದ್ದು 1994ರಲ್ಲಿ. ಆ ಉಪಗ್ರಹವನ್ನು ಕಳಿಸಿದ್ದು ದೂರದ ಆಕಾಶ ನೋಡಲು, ಅಲ್ವಾ? 2018ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋದ ಏಸಿಮ್ ಎಂಬ ಉಪಕರಣ ಮಾತ್ರ ಗುಡುಗು ಮೋಡಗಳನ್ನು ನೋಡಲೆಂದೇ ಕಟ್ಟಿದ್ದು. ಮಿಂಚಿನ ಬೆಳಕು, ಗಾಮಾ ಕಿರಣ ಎರಡನ್ನೂ ಒಟ್ಟಿಗೇ ಅಳೆಯುವಂಥದ್ದು.