ರಾಶಿ, ಬೆಟ್ಟೆ, ಸರಕು ಮತ್ತು ನನ್ನ ಬಣ್ಣದ ಡಬ್ಬಿ

ಅಡಿಕೆ ಸುಗ್ಗಿ ಶುರುವಾಯಿತು ಅಂದರೆ ನನಗೆ ಎರಡು ಕೆಲಸ ಒಟ್ಟಿಗೆ ಮೈಮೇಲೆ ಬರುತ್ತವೆ. ಸಾಗರದ ಒಂದು ಸಹಕಾರಿ ಸೊಸೈಟಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸುಗ್ಗಿಯಲ್ಲಿ ಅಲ್ಲಿ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಗಾಡಿಯಿಂದ ಚೀಲ ಇಳಿಯುತ್ತಲೇ ಇರುತ್ತವೆ. ತೂಕ, ಟೆಂಡರ್, ಪಟ್ಟಿ, ಸಾಲಕ್ಕೆ ವಜಾ. ಮನೆಗೆ ಬಂದ ಮೇಲೆ ಮಕ್ಕಳ ಕಥೆಗಳಿಗೆ ಚಿತ್ರ ಬರೆಯುವ ಕೆಲಸ. ವರ್ಷದಲ್ಲಿ ನಾನು ಜಾಸ್ತಿ ಚಿತ್ರ ಬರೆಯುವುದು ಇದೇ ತಿಂಗಳುಗಳಲ್ಲಿ.

ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಹೊಸದಾಗಿ ಚಿತ್ರ ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗ ಎರಡೇ ಪ್ರಶ್ನೆ ಕೇಳುತ್ತಾರೆ. ಒಂದು, "ಅಕ್ಕಾ, ನೌಕರಿ ಬಿಟ್ಟು ಪೂರ್ತಿ ಇದಕ್ಕೇ ಇಳಿಯೋ ಆಸೆ ಇಲ್ವಾ?" ಎರಡು, "ದಿನವಿಡೀ ಲೆಕ್ಕ ಬರೆದ ಮೇಲೆ ಸ್ಫೂರ್ತಿ ಎಲ್ಲಿಂದ ಬರುತ್ತೆ?" ಎರಡಕ್ಕೂ ನನ್ನ ಉತ್ತರ ಸೊಸೈಟಿಯ ಹಿಂದಿನ ಅಂಗಳದಲ್ಲೇ ಇದೆ.

ಅಲ್ಲಿ ಮಾದರಿ ಅಡಿಕೆಯನ್ನು ಸುರಿದಿರುತ್ತಾರೆ. ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಸರಕು, ಗೊರಬಲು, ಚಾಲಿ, ಎಲ್ಲ ಅಡಿಕೆಯ ಬಗೆಗಳ ಹೆಸರು. ಹೊರಗಿನವರಿಗೆ ಎಲ್ಲವೂ ಅಡಿಕೆಯೇ. ಹತ್ತಿರ ಕೂತು ನೋಡಿದರೆ ಒಂದಕ್ಕಿಂತ ಒಂದು ಬೇರೆ ಬಣ್ಣ. ಎಳೆ ಅಡಿಕೆಯಿಂದ ಮಾಡಿದ ಸರಕಿಗೆ ಒಂದು ಥರದ ಹೊಳಪು. ರಾಶಿಯದ್ದು ಗಟ್ಟಿ ಕೆಂಪು. ಗೊರಬಲಿನಲ್ಲಿ ಸುಕ್ಕು, ಆ ಸುಕ್ಕಿನ ಒಳಗೆ ಕಪ್ಪು. ಬೇಯಿಸದೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದ ಚಾಲಿ ಮಾತ್ರ ಮಾಸಲು ಬಿಳಿ. ಕಂದು ಬಣ್ಣ ಅಂದರೆ ಬಣ್ಣದ ಡಬ್ಬಿಯಲ್ಲಿರುವ ಒಂದು ಟ್ಯೂಬ್ ಅಂತಲೇ ನಾನು ತಿಳಿದು ಬೆಳೆದವಳು. ಕಂದು ಎಷ್ಟು ಬಗೆ ಅನ್ನುವುದನ್ನು ಕಲಿತಿದ್ದು ಆ ಅಂಗಳದಲ್ಲಿ, ಸಂಬಳ ತೆಗೆದುಕೊಂಡೇ. ಈ ನೌಕರಿ ಬಿಟ್ಟರೆ ನನಗೆ ಅದನ್ನು ಯಾರು ದಿನಾ ತಂದು ಸುರಿದು ತೋರಿಸುತ್ತಾರೆ?

ಇದು ಗೊತ್ತಾಗುವುದಕ್ಕೆ ಮೊದಲು ಒಂದಷ್ಟು ವರ್ಷ ಚಿತ್ರ ಬರೆಯುವುದೇ ಬೇಡ ಅನ್ನಿಸಿತ್ತು. ಫೋನಿನಲ್ಲಿ ದಿನಾ ಚೆಂದದ ಚಿತ್ರ ನೋಡುತ್ತಿದ್ದೆ. ಮೇಪಲ್ ಎಲೆ, ಕಾಫಿ ಕಪ್, ಕಿಟಕಿಯಲ್ಲಿ ಬೆಕ್ಕು. ಅದೇ ಥರ ನಾನೂ ಬರೆಯುತ್ತಿದ್ದೆ, ಕೈ ಪಳಗುತ್ತಿತ್ತು. ಆದರೆ ಬರೆದು ಮುಗಿಸಿದ ಮೇಲೆ ಇದು ಯಾರಿಗೆ, ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಸಮಯ ಸಿಗದೆ ಬರೆಯುವುದು ನಿಂತಿತು ಅಂತ ಆಗ ಎಲ್ಲರಿಗೂ ಹೇಳುತ್ತಿದ್ದೆ. ಈಗ ನೋಡಿದರೆ ಸಮಯ ಆಗಲೂ ಇಷ್ಟೇ ಇತ್ತು.

ಉತ್ತರ ಸಿಕ್ಕಿದ್ದು ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಎರಡನೇ ಶನಿವಾರ ನನಗೆ ರಜೆ, ಶಾಲೆ ಬೆಳಗ್ಗೆ ಇರುತ್ತದೆ. ಅಲ್ಲಿನ ಟೀಚರ್ ಒಮ್ಮೆ ಕರೆದರು, "ಸುಮ್ನೆ ಬನ್ನಿ, ಮಕ್ಕಳ ಜೊತೆ ಚಿತ್ರ ಬರೀರಿ" ಅಂತ. ನಲಿ-ಕಲಿ ತರಗತಿ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಮಾಡಿದ್ದನ್ನೆಲ್ಲ ತೂಗು ಹಾಕುತ್ತಾರೆ. ಹಾಳೆ ಕೊಟ್ಟು, ನಿಮ್ಮ ಮನೆ ಬರೀರಿ ಅಂದೆ. ಎಲ್ಲರೂ ಬರೆದರು. ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ, ಮುಂದೆ ಹೊಳೆ, ಪಕ್ಕದಲ್ಲಿ ಒಂದು ತೆಂಗಿನ ಮರ. ಮನೆಗೆ ತ್ರಿಕೋನದ ಮಾಡು. ಮಾಡಿನ ಮೇಲೊಂದು ಹೊಗೆಗೂಡು, ಅದರಿಂದ ಸುರುಳಿ ಸುರುಳಿ ಹೊಗೆ.

ಒಬ್ಬ ಪುಟ್ಟಿಯನ್ನು ಕೇಳಿದೆ, "ನಿಮ್ಮನೆ ಮೇಲೆ ಹೀಗೆ ಹೊಗೆಗೂಡು ಇದೆಯಾ?"

"ಇಲ್ಲ ಮೇಡಂ."

"ಮತ್ತೆ ಇಲ್ಲಿ ಯಾಕೆ ಬರೆದೆ?"

"ಚಿತ್ರದ ಮನೆಗೆ ಇರ್ತದೆ."

ಆ ಮಗು ಅದನ್ನು ಎಷ್ಟು ಸಹಜವಾಗಿ ಹೇಳಿತು ಅಂದರೆ, ನನಗೆ ಮುಂದಿನ ಮಾತೇ ಹೊರಡಲಿಲ್ಲ. ಆರು ವರ್ಷಕ್ಕೇ ಅವಳಿಗೆ ತೀರ್ಮಾನ ಆಗಿಹೋಗಿದೆ. ನಾವಿರುವ ಮನೆ ಬೇರೆ, ಚಿತ್ರದಲ್ಲಿ ಬರುವ ಮನೆ ಬೇರೆ. ನಮ್ಮ ಕಡೆ ಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದಲೇ ಹೊರಗೆ ಹೋಗುತ್ತದೆ. ಮಾಡಿನ ನೀರು ಅಡಿಕೆ ಮರದ ದೋಣಿಗೆ ಬಿದ್ದು ಹಂಡೆಗೆ ಸುರಿಯುತ್ತದೆ. ಮಳೆಗಾಲಕ್ಕೆ ಮಣ್ಣಿನ ಗೋಡೆ ನೆನೆಯದ ಹಾಗೆ ಅಡಿಕೆ ಗರಿಯ ಸೋಗೆ ಕಟ್ಟುತ್ತಾರೆ. ಅಂಗಳದಲ್ಲಿ ಅಡಿಕೆ ಚಪ್ಪರ. ಇದ್ಯಾವುದನ್ನೂ ಆ ಮಕ್ಕಳು ಅಚ್ಚಾದ ಪುಸ್ತಕದಲ್ಲಿ ನೋಡಿಲ್ಲ. ಹಾಗಾಗಿ ಬರೆಯುವಂಥದ್ದು ಅಂತ ಅವರಿಗೆ ಅನ್ನಿಸಿಯೂ ಇಲ್ಲ.

ಮಳೆ ಬಂದಾಗ ನಿಮ್ಮನೆ ನೀರು ಎಲ್ಲಿಂದ ಬೀಳುತ್ತೆ, ತೋರಿಸಿ ಅಂದೆ ಅಷ್ಟೇ. ದೋಣಿ ಬಂತು, ಹಂಡೆ ಬಂತು. ಹಂಡೆಯ ಪಕ್ಕ ನೆನೆಯುತ್ತಾ ನಿಂತ ಕರು ಬಂತು. ಸೋಗೆಯ ಹಿಂದೆ ಒಣಗಲು ಹಾಕಿದ ಕಂಬಳಿ ಬಂತು. ಇವರಿಗೆ ಕಲಿಸಲು ಹೋದ ನಾನು ಮಧ್ಯಾಹ್ನದ ತನಕ ಅವರ ಹಾಳೆಗಳನ್ನು ನೋಡುತ್ತಾ ಕೂತೆ.

ಅವತ್ತಿನಿಂದ ನನಗೆ ನನ್ನ ಕೆಲಸ ಗೊತ್ತಾಯಿತು. ಈ ಮಕ್ಕಳು ತಮ್ಮ ಮನೆ, ತಮ್ಮ ಅಂಗಳ, ತಮ್ಮ ಅಮ್ಮ ಕೂರುವ ರೀತಿಯನ್ನು ಪುಸ್ತಕದ ಪುಟದಲ್ಲಿ ಕಾಣಬೇಕು. ಕಂಡು, "ಇದು ನಮ್ಮನೆ" ಅನ್ನಬೇಕು. ಕನ್ನಡದಲ್ಲಿ ಮಕ್ಕಳ ಚಿತ್ರಪುಸ್ತಕ ಈಗ ಮೊದಲಿಗಿಂತ ಎಷ್ಟೋ ಜಾಸ್ತಿ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕಥೆ, ಚಿತ್ರ ಎರಡೂ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಿ ಶಾಲೆಗೆ ಕೊಡಬಹುದು. ನನಗೆ ಅದು ತುಂಬಾ ಹಿಡಿಸಿದ ಕೆಲಸ. ಆದರೂ ಸಾಗರದ ಮಳೆಯನ್ನು ಸಾಗರದ ಮಳೆಯಲ್ಲಿ ನೆನೆದವರೇ ಬರೆಯಬೇಕು ಅನ್ನುವುದು ನನ್ನ ನಂಬಿಕೆ.

ಚಿತ್ರ ಬರೆಯುವಾಗ ಹತ್ತಿರದಿಂದ ನೋಡುವುದು ಎಷ್ಟು ಮುಖ್ಯ ಅಂತ ನನಗೆ ಕಲಿಸಿದ್ದು ಸುಲಿಯುವ ಕೆಲಸ. ಹಸಿ ಅಡಿಕೆ ಸುಲಿಯಲು ಸಂಜೆ ಹೊತ್ತು ಹೆಂಗಸರು ಗುಂಪಾಗಿ ಬಂದು ಪಕ್ಕದ ಮನೆಯ ಅಂಗಳದಲ್ಲಿ ಕೂರುತ್ತಾರೆ. ಊಟ ಮುಗಿಸಿ ಸ್ಕೆಚ್ ಪುಸ್ತಕ ಹಿಡಿದು ನಾನೂ ಹೋಗಿ ಕೂರುತ್ತೇನೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಅದುಮಿ ಹಿಡಿಯಬೇಕು, ಅಲಗು ಎದ್ದು ನಿಂತಿರುತ್ತದೆ. ಎರಡೂ ಕೈಯಲ್ಲಿ ಅಡಿಕೆ ಹಿಡಿದು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಕಣ್ಣು ಅಲಗಿನ ಮೇಲೆ ಇರುವುದೇ ಇಲ್ಲ. ಕಣ್ಣು, ಬಾಯಿ ಎಲ್ಲ ಮಾತಿನ ಕಡೆ. ಯಾರ ಮನೆ ಮದುವೆ, ಯಾವ ಧಾರಾವಾಹಿಯಲ್ಲಿ ಯಾರು ಸತ್ತರು. ಕೈ ಮಾತ್ರ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಸುಲಿದಿದ್ದು ಡಬ್ಬಕ್ಕೆ ಬೀಳುತ್ತದೆ, ಕೂಲಿ ಡಬ್ಬದ ಲೆಕ್ಕ.

ನಾನು ಬರೀ ಕೈಗಳನ್ನೇ ಬರೆಯುತ್ತಿದ್ದೆ. ಬೆರಳಿಗೆ ಸುತ್ತಿದ ಬಟ್ಟೆ ಚೂರು, ಹೆಬ್ಬೆರಳು ಅಡಿಕೆಯ ತೊಟ್ಟನ್ನು ತಡಕುವ ರೀತಿ. ಎದುರಿಗೆ ಕೂತಿದ್ದ ಹಿರಿಯ ಅಕ್ಕ ಒಬ್ಬರು ಬಗ್ಗಿ ನೋಡಿದರು.

"ಏನ್ ತಂಗೀ, ಬರೀ ಕೈ ಬರೀತಿದೀಯ, ಮುಖ ಇಲ್ವಾ?"

"ಮುಖ ಆಮೇಲೆ ಅಕ್ಕಾ, ಮೊದಲು ಕೈ ಕಲೀತೀನಿ."

"ಹಂಗಾದ್ರೆ ಇನ್ನೂ ಕಪ್ಪು ಮಾಡು. ಸುಗ್ಗಿ ಮುಗಿಯೋ ತನಕ ಎಷ್ಟು ತೊಳೆದ್ರೂ ಹೋಗಲ್ಲ ಇದು."

ಹಸಿ ಅಡಿಕೆಯ ಕಲೆ ಹಾಗೆಯೇ. ಉಗುರಿನ ಸುತ್ತ, ಬೆರಳಿನ ಗೆರೆಗಳ ಒಳಗೆ ಕೂತುಬಿಡುತ್ತದೆ. ಆ ಕಪ್ಪಿಗೆ ಡಬ್ಬಿಯ ಬಣ್ಣ ಸರಿ ಹೋಗಲಿಲ್ಲ. ಚೊಗರು ಹಚ್ಚಿ ನೋಡಿದೆ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸ ಅದು. ಮತ್ತೆ ಮತ್ತೆ ಬೇಯಿಸಿದಷ್ಟೂ ಮಂದ ಆಗುತ್ತದೆ. ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆಯ ಹೆಂಗಸರು ಇದರಿಂದಲೇ ನೂಲಿಗೆ ಬಣ್ಣ ಹಾಕುತ್ತಾರೆ. ಬಟ್ಟೆಗೆ ಹಿಡಿಯುವ ಬಣ್ಣ ಕಾಗದಕ್ಕೂ ಹಿಡಿಯಬೇಕಲ್ಲ. ನೀರು ಜಾಸ್ತಿ ಹಾಕಿದರೆ ತಿಳಿ ಚಹಾದ ಬಣ್ಣ. ಒಣಗಿದ ಮೇಲೆ ಇನ್ನೊಂದು ಪದರ ಕೊಟ್ಟರೆ ಇಟ್ಟಿಗೆ. ಮೂರನೇ ಪದರಕ್ಕೆ ಆ ಅಕ್ಕನ ಕೈ ಬಂತು. ಈಗ ನನ್ನ ಮೇಜಿನ ಮೇಲೆ ಚೊಗರಿನ ಬಾಟಲಿ ಯಾವಾಗಲೂ ಇರುತ್ತದೆ. ಚಿತ್ರದಲ್ಲಿರುವ ವಸ್ತುವಿನ ಬಣ್ಣ ಆ ವಸ್ತುವಿನಿಂದಲೇ ಬಂದಿದೆ ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುವ ಸಂಗತಿ.

ಹೀಗೆ ಮನೆಯ ಸುತ್ತಲಿಂದ ಬಣ್ಣ ತೆಗೆಯುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ದೀವರ ಸಮುದಾಯದ ಹೆಂಗಸರು ಹಸೆ ಚಿತ್ತಾರ ಬರೆಯುವುದು ಹಾಗೆಯೇ ಅಲ್ವಾ? ಕೆಮ್ಮಣ್ಣಿನ ಕೆಂಪು, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರೇ ಕುಂಚ. ಮದುವೆಗೆ ಗೋಡೆಯ ಮೇಲೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೋಗಿ, ಹೊಡೆ ತುಂಬಿದ ಭತ್ತಕ್ಕೆ ಬಯಕೆಯ ಊಟ ಬಡಿಸುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಬುಟ್ಟಿಗೆ ಎಳೆ ಎಳೆಯುವುದನ್ನು ನೋಡುತ್ತಾ ಕೂತಿದ್ದೆ. ನಾರನ್ನು ಬಣ್ಣಕ್ಕೆ ಅದ್ದಿ, ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಹೋದರು. ಗೆರೆ ಎಲ್ಲೂ ನಡುಗಲಿಲ್ಲ. ಬೆಳಗ್ಗೆ ಗದ್ದೆಯಲ್ಲಿ ಇದ್ದವರು, ಸಂಜೆ ಮತ್ತೆ ಹಟ್ಟಿ ಕೆಲಸ. ನಡುವೆ ಸಿಕ್ಕಿದ ಹೊತ್ತಿನಲ್ಲಿ ಆ ಗೆರೆ.

ಅದಕ್ಕೇ "ಪಾರ್ಟ್ ಟೈಮ್ ಕಲಾವಿದೆ" ಅಂತ ಯಾರಾದರೂ ದನಿ ತಗ್ಗಿಸಿ ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಕಟ್ಟಿದವರು ಊರಿನ ಜನವೇ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರು ಅಡಿಕೆ ತೋಟದವರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಕ್ಷಗಾನ ಮೇಳಗಳ ತಿರುಗಾಟ ಸುಮಾರಾಗಿ ನವೆಂಬರಿನಿಂದ ಮೇ ತನಕ. ಮಳೆಗಾಲ ಬಂದರೆ ಎಷ್ಟೋ ವೇಷಧಾರಿಗಳು ಗದ್ದೆಯಲ್ಲಿ ಇರುತ್ತಾರೆ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರು ಮಾಡಿದ ಎಂ. ಶಿವರಾಂ ವೃತ್ತಿಯಲ್ಲಿ ಡಾಕ್ಟರು. ರೋಗಿಗಳನ್ನು ನೋಡುತ್ತಲೇ ಅವರು ನಡೆಸಿದ ಆ ಪತ್ರಿಕೆಗೆ, ಇನ್ನೂ ಹೆಸರು ಮಾಡಿರದ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಇವರಲ್ಲಿ ಯಾರ ಕೆಲಸ ಅರ್ಧದ್ದು ಅಂತ ಹೇಳುವುದು? ಪೂರ್ತಿ ಹೊತ್ತು ಕಲೆಗೇ ಕೊಟ್ಟವರ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ನಮ್ಮ ಕಡೆ ಕಲೆ ಬಹಳ ಕಾಲದಿಂದ ಹೊಲಮನೆ ಕೆಲಸದ ಜೊತೆಗೇ ಬದುಕಿದೆ.

ಹೊತ್ತಿನ ವಿಚಾರ ಹೇಳಲೇಬೇಕು. ನಾನು ಬರೆಯುವುದು ಬೆಳಗಿನ ಜಾವ, ಮನೆಯವರು ಏಳುವ ಮೊದಲು. ರಾತ್ರಿ ಸ್ಕೆಚ್ ಮಾತ್ರ. ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸಬೇಕು, ಆಗ ಕುಂಚ ಮುಟ್ಟುವುದಿಲ್ಲ, ಅದಕ್ಕೆ ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಜಲವರ್ಣ ಕಷ್ಟ. ನಮ್ಮ ಜುಲೈ ಮಳೆಗೆ ಕಾಗದ ಮೆತ್ತಗಾಗುತ್ತದೆ, ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ, ಒಣಗಿದ ಚಿತ್ರಕ್ಕೂ ಬೂಸಲು ಹಿಡಿಯುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪೆನ್ನು ಮತ್ತು ಕಪ್ಪು ಶಾಯಿ. ಬಣ್ಣದ ಕೆಲಸಕ್ಕೆ ಒಪ್ಪಿಕೊಳ್ಳುವುದೇ ದೀಪಾವಳಿ ಕಳೆದ ಮೇಲೆ. ಪ್ರಕಾಶಕರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯುವವರು ಕಾಯುತ್ತಾರೆ.

ದುಡ್ಡಿನ ಬಗ್ಗೆ ಒಂದೇ ಮಾತು. ಮನೆ ನಡೆಯುವುದು ಸಂಬಳದಿಂದ. ಅದು ಇರುವುದರಿಂದಲೇ ನನಗೆ ಒಪ್ಪಿಗೆಯಾಗದ ಚಿತ್ರಕ್ಕೆ "ಬೇಡ" ಅನ್ನಲು ಧೈರ್ಯ ಇದೆ. ಬೆಂಗಳೂರಿನ ಚಿತ್ರಸಂತೆಗೆ ಒಂದು ಸಲ ಹೋಗಿದ್ದೆ. ಕುಮಾರಕೃಪಾ ರಸ್ತೆ ಉದ್ದಕ್ಕೂ ಚಿತ್ರ, ಫುಟ್‌ಪಾತಿನಲ್ಲಿ ಕೂತ ಕಲಾವಿದರು, ಜನವೋ ಜನ. ಒಂದೆರಡು ಚಿತ್ರ ಮಾರಾಟವೂ ಆದವು. ಖುಷಿಯಾಯಿತು. ಆದರೆ ಚಪ್ಪರದ ದಾರಕ್ಕೆ ಕ್ಲಿಪ್ ಹಾಕಿ ನನ್ನ ಚಿತ್ರ ತೂಗುಹಾಕಿದಾಗ ಆ ಮಕ್ಕಳು ಓಡಿ ಬಂದು ಅದರಲ್ಲಿ ಯಾರ ಮನೆ ಇದೆ ಅಂತ ಜಗಳ ಆಡುತ್ತಾರಲ್ಲ, ನಾನು ಬರೆಯುವುದು ಆ ಜಗಳಕ್ಕಾಗಿ.

ಈಗ ಕೈಯಲ್ಲಿರುವುದು ಕೊನೆಗೌಡನ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನ ಕಥೆ. ಅಪ್ಪ ಅಡಿಕೆ ಕೊನೆ ಕೊಯ್ಯಲು ಮರ ಹತ್ತುವುದನ್ನು ಕೆಳಗೆ ನಿಂತು ನೋಡುವ ಒಬ್ಬ ಹುಡುಗಿಯ ಕಥೆ, ಮೂರನೇ ಕ್ಲಾಸಿನ ಮಕ್ಕಳೇ ಹೇಳಿ ಬರೆಸಿದ್ದು. ಕೊನೆಗೌಡ ಒಂದು ಮರದ ತುದಿಯಿಂದ ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಕೆಳಗೆ ಜಾರಿಸುತ್ತಾನೆ. ಕೆಳಗಿನಿಂದ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಎಂಟನೇ ಪುಟಕ್ಕೆ ಮಕ್ಕಳು ಕೇಳಿರುವುದು ಮೇಲಿನಿಂದ ಕಾಣುವ ಹಾಗೆ, ಅಪ್ಪನ ಕಣ್ಣಿಗೆ ಮಗಳು ಎಷ್ಟು ಸಣ್ಣಗೆ ಕಾಣುತ್ತಾಳೆ ಅಂತ. ನಮ್ಮ ತೋಟಕ್ಕೆ ಬರುವ ಕೊನೆಗೌಡರನ್ನು ಕೇಳಿದೆ. ಫೋನನ್ನು ಶರಟಿನ ಜೇಬಿಗೆ ಹಾಕಿಕೊಂಡು ಹತ್ತಿ, ಮೇಲಿನಿಂದ ಫೋಟೋ ತೆಗೆದು ಕೊಡುತ್ತೇನೆ ಅಂದಿದ್ದಾರೆ. ಭಾನುವಾರ ಬರುತ್ತಾರೆ. ಕೆಳಗೆ ನಿಲ್ಲುವುದಕ್ಕೆ ಆ ಪುಟ್ಟಿಯೂ ಬರುತ್ತಾಳೆ, ಅವಳ ಅಮ್ಮನನ್ನು ಕೇಳಿ ಆಗಿದೆ.