ಹಿಂದಿನ ಪ್ರಶ್ನಿಗೆ ಹೋಗಾಕ ಬರಂಗಿಲ್ಲೇನ್ರಿ?

ಧಾರವಾಡದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಅಂದು ಪಿಯುಸಿ ಮಕ್ಕಳಿಗೆ ಎರಡು ಪರೀಕ್ಷೆ: ಮೊದಲು ರೇವನ್ಸ್ ಆಕೃತಿಗಳು, ಅಂದರೆ ಚಿತ್ರದಲ್ಲಿ ಬಿಟ್ಟುಹೋದ ತುಂಡನ್ನು ಆರಿಸುವ ಬುದ್ಧಿಮತ್ತೆ ಪರೀಕ್ಷೆ, ಆಮೇಲೆ ಪ್ರತಿಕ್ರಿಯಾ ವೇಗ, ಅಂದರೆ ಪರದೆಯಲ್ಲಿ ಕಂಡದ್ದಕ್ಕೆ ಎಷ್ಟು ಬೇಗ ಉತ್ತರ ಒತ್ತುತ್ತಾರೆ ಎಂಬುದು. ರೇವನ್ಸ್‌ನಲ್ಲಿ ಐದು ಗುಂಪು, ಗುಂಪಿಗೆ 12ರಂತೆ 60 ಪ್ರಶ್ನೆ. ಎಲ್ಲವೂ ಚಿತ್ರ, ಕನ್ನಡದಲ್ಲಿದ್ದದ್ದು ಸೂಚನೆ ಮಾತ್ರ. ಅದೂ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಫಾಂಟ್ ಇಲ್ಲದ ಯಂತ್ರಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡಿದವು. ಯುನಿಕೋಡ್‌ಗೆ ಬದಲಿಸಿದ ಮೇಲೆಯೇ ಕೆಲಸ ಶುರುವಾದದ್ದು.

ಅರ್ಧ ದಾರಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಸರ್, ಹಿಂದಿನ ಪ್ರಶ್ನಿಗೆ ಹೋಗಾಕ ಬರಂಗಿಲ್ಲೇನ್ರಿ?" ಬರುವುದಿಲ್ಲ. ಇದೇ ಪರೀಕ್ಷೆ ಪುಸ್ತಕದಲ್ಲಾದರೆ ಹಾಳೆ ತಿರುವಿ ಉತ್ತರ ತಿದ್ದಬಹುದು, ಈ ಸಾಫ್ಟ್‌ವೇರಿನಲ್ಲಿ ಒಮ್ಮೆ ಒತ್ತಿದರೆ ಮುಗಿಯಿತು. ಪ್ರಶ್ನೆ ಅದೇ ಇದ್ದರೂ ಪರೀಕ್ಷೆ ಬೇರೆಯಾಯಿತು. ಪುಸ್ತಕದ ಜೊತೆ ಬರುವ ನಾರ್ಮ್ಸ್ ಕೋಷ್ಟಕವನ್ನು (ಒಬ್ಬರ ಅಂಕವನ್ನು ಇತರರ ಅಂಕಗಳೊಡನೆ ಹೋಲಿಸುವ ಪಟ್ಟಿಯನ್ನು) ಪರದೆಯ ಅಂಕಗಳಿಗೆ ಕಣ್ಣುಮುಚ್ಚಿ ಹಚ್ಚಬಾರದು ಅನ್ನುವುದು ಇದಕ್ಕೇ. ಮೀಡ್ ಮತ್ತು ಡ್ರಾಸ್ಗೋ ಎಂಬ ಸಂಶೋಧಕರು 1993ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಾಮರ್ಥ್ಯ ಅಳೆಯುವ ಪರೀಕ್ಷೆಗಳಲ್ಲಿ ಕಾಗದ ಮತ್ತು ಕಂಪ್ಯೂಟರ್ ಅಂಕಗಳ ಸಹಸಂಬಂಧ (1 ಅಂದರೆ ಪೂರ್ತಿ ಹೊಂದಿಕೆ) 0.97 ಇತ್ತು, ವೇಗವೇ ಮುಖ್ಯವಾದವುಗಳಲ್ಲಿ 0.72ಕ್ಕೆ ಇಳಿದಿತ್ತು.

ವೇಗದ ಪರೀಕ್ಷೆಯಲ್ಲಿ ಯಂತ್ರದ ತಪ್ಪೂ ಮಗುವಿನ ಲೆಕ್ಕಕ್ಕೆ ಬೀಳುತ್ತದೆ. 60 ಹರ್ಟ್ಸ್ ಪರದೆ ಚಿತ್ರ ಬದಲಿಸುವುದು ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಎಷ್ಟೋ ಯುಎಸ್‌ಬಿ ಕೀಬೋರ್ಡುಗಳನ್ನು ಕಂಪ್ಯೂಟರ್ ಗಮನಿಸುವುದು 8 ಮಿಲಿಸೆಕೆಂಡಿಗೊಮ್ಮೆ. ಹಿನ್ನೆಲೆಯಲ್ಲಿ ಆಂಟಿವೈರಸ್ ಓಡುತ್ತಿದ್ದರಂತೂ ಕೇಳುವುದೇ ಬೇಡ. ವರದಿಯಲ್ಲಿ ದಶಮಾಂಶದ ನಂತರ ಮೂರು ಅಂಕಿ ಅಚ್ಚಾದ ಮಾತ್ರಕ್ಕೆ ಅದು ನಿಖರವಲ್ಲ. ಇನ್ನು ಮೌಸ್: ಫೋನಿನಲ್ಲಿ ಬೆರಳು ಓಡಿಸುವ ಮಕ್ಕಳೇ ಇಲ್ಲಿ ತಡವರಿಸುತ್ತಾರೆ. ಎಫ್ ಮತ್ತು ಜೆ ಕೀಲಿ ಕೊಡುವುದು ವಾಸಿ. ಅವುಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ, ನೋಡದೆಯೂ ಒತ್ತಬಹುದು.

ನಡುವೆ ಕರೆಂಟ್ ಹೋಯಿತು. ಉತ್ತರ ಒತ್ತಿದ ಕೂಡಲೇ ಡಿಸ್ಕಿಗೆ ಬರೆದಿಡುವ ವ್ಯವಸ್ಥೆ ಇದ್ದುದರಿಂದ ರೇವನ್ಸ್ ನಿಂತಲ್ಲಿಂದಲೇ ಮುಂದುವರಿಯಿತು. ವೇಗದ ಪರೀಕ್ಷೆಗೆ ಹಾಗೆ ಮಾಡಲಾಗದು. ಗಮನ ಕಡಿದಿರುತ್ತದೆ, ಮೊದಲಿಂದ ಮಾಡಿಸಿದರೆ ಅಭ್ಯಾಸದ ಲಾಭ ಸೇರಿಕೊಳ್ಳುತ್ತದೆ. ಅಂಥ ಫಲಿತಾಂಶಗಳನ್ನು ಬೇರೆ ಇಡುವುದೇ ಸರಿ.

ವಿ.ವಿ. ಕಾಮತರು ಈ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆಂದು 1934ರಲ್ಲಿ ಹೊಂದಿಸಿಕೊಟ್ಟ ಬಿನೆ ಬುದ್ಧಿಮತ್ತೆ ಪರೀಕ್ಷೆ ಎದುರುಬದುರು ಕೂತು ಮಾಡುವಂಥದ್ದು. ಮಗು ಹೆದರಿ ಸುಮ್ಮನಿದೆಯೋ ತಿಳಿಯದೆ ಸುಮ್ಮನಿದೆಯೋ, ಪರೀಕ್ಷಕರ ಕಣ್ಣಿಗೆ ಬೀಳುತ್ತದೆ. ಕಂಪ್ಯೂಟರಿಗೆ ಎರಡೂ 'ಉತ್ತರವಿಲ್ಲ'. ಅದಕ್ಕೇ ಲ್ಯಾಬಿನಲ್ಲೂ ಒಬ್ಬರು ಕಾಗದ ಹಿಡಿದು ಓಡಾಡುತ್ತಿರಬೇಕು: ಯಾವ ಯಂತ್ರ, ಯಾರಿಗೆ ಮೌಸ್ ಹೊಸದು, ಯಾರು ಯಾವ ಪ್ರಶ್ನೆಗೆ ಹಿಂದೆ ಹೋಗಲು ಕೇಳಿದರು.